ಹೊಸಿಲಿಗೆ ಹಾಕಿದ ನೀರು

ಅಕ್ಟೋಬರ್ ಕಾಲಿಟ್ಟಿದ್ದೇ ತಡ, ಸಂಪ್ರೀತಾಳಿಗೆ ಹಾಸಿಗೆಯಿಂದ ಏಳುವ ಮೊದಲೇ ಫೋನಿನಲ್ಲಿ ಹವೆ ನೋಡುವ ಚಾಳಿ ಅಂಟಿಕೊಂಡಿತು. ಮೊದಲು ಇವತ್ತಿನದು, ಆಮೇಲೆ ನಾಳೆಯದು, ಕೊನೆಗೆ ಬೆರಳಿನಿಂದ ತಳ್ಳಿ ತಳ್ಳಿ ಹದಿನಾಲ್ಕನೆಯ ದಿನದ್ದು. ಒಂದು ಮೋಡ, ಒಂದು ಮಳೆಹನಿ, ಮತ್ತೆ ಮೋಡ. ಡಚ್ ನಾಡಿನ ವಾಗೆನಿಂಗನ್ನಿನ ಆಕಾಶಕ್ಕೆ ಇವೆರಡನ್ನು ಬಿಟ್ಟು ಬೇರೆ ಕಸುಬು ಗೊತ್ತಿದ್ದಂತಿರಲಿಲ್ಲ. ಊರವರೆಲ್ಲ ಬಿಸಿಲಿಲ್ಲ, ಬಿಸಿಲಿಲ್ಲ ಎಂದು ಗೊಣಗುತ್ತಿದ್ದರೆ ಅವಳೊಬ್ಬಳು ಮಳೆಹನಿಯ ಚಿತ್ರ ಕಂಡು ನಿರಾಳವಾಗಿ ಎದ್ದು ಕೂರುತ್ತಿದ್ದಳು.

ನವೆಂಬರಿನ ಕೊನೆಯ ಗುರುವಾರ ಆ ಭಾಗ್ಯವೂ ತಪ್ಪಿತು. ಶನಿವಾರ ಸಂಜೆಯ ಚೌಕದಲ್ಲಿ, ಮೋಡದ ಕೆಳಗೆ, ಆರು ಕಾಲಿನ ಒಂದು ಪುಟ್ಟ ಬಿಳಿ ಹರಳು ಕೂತಿತ್ತು. ಈ ಚಳಿಗಾಲದ ಮೊದಲ ಹಿಮ. ಅವಳು ಫೋನನ್ನು ಮಗುಚಿಟ್ಟು, ಹಲ್ಲುಜ್ಜಿ ಬಂದು, ಮತ್ತೆ ತೆರೆದು ನೋಡಿದಳು. ಅಷ್ಟರಲ್ಲಿ ಭಾನುವಾರಕ್ಕೂ ಒಂದು ಹರಳು ಬಂದು ಕೂತಿತ್ತು.

ಅವಳಿಗೆ ಚಳಿಯ ಹೆದರಿಕೆಯಲ್ಲ, ಸೈಕಲ್ ಜಾರುವ ಹೆದರಿಕೆಯೂ ಅಲ್ಲ. ಹಿಮ ಬಿದ್ದರೆ ಬಾಗಿಲ ಮುಂದಿನ ಕಲ್ಲಿನ ಮಾತು ಮತ್ತೆ ಏಳುತ್ತದೆ. ಆ ಮಾತು ಎದ್ದರೆ, ಒಂಬತ್ತು ತಿಂಗಳಿನಿಂದ ಬಾಯೊಳಗೆ ಇಟ್ಟುಕೊಂಡದ್ದನ್ನು ಒಂದೋ ಪೂರ್ತಿ ನುಂಗಬೇಕು, ಇಲ್ಲವೇ ಉಗುಳಬೇಕು.

ಅವಳಿದ್ದದ್ದು ಒಂದಕ್ಕೊಂದು ಒತ್ತಿಕೊಂಡು ನಿಂತ ಇಟ್ಟಿಗೆ ಮನೆಗಳ ಸಾಲಿನಲ್ಲಿ, ಮಹಡಿಯ ಕೋಣೆಯಲ್ಲಿ. ಕೆಳಗೆ ಮನೆಯೊಡತಿ ರೀಟ್, ಎಪ್ಪತ್ತೊಂಬತ್ತು ವರ್ಷದ ಒಂಟಿ ಹೆಂಗಸು. ಇಬ್ಬರಿಗೂ ಬೀದಿಗೆ ತೆರೆಯುವ ಬಾಗಿಲು ಒಂದೇ, ಬಾಗಿಲ ಮುಂದಿನ ಕಪ್ಪು ಕಲ್ಲಿನ ಮೆಟ್ಟಿಲೂ ಒಂದೇ. ಮೂರು ವರ್ಷದ ಹಿಂದೆ ಸಸ್ಯವಿಜ್ಞಾನದ ಮಾಸ್ಟರ್ಸ್ ಓದಲು ಕಾಪುವಿನಿಂದ ಬಂದಿಳಿದ ಮೊದಲ ಶುಕ್ರವಾರ, ಬೇರೆ ಏನು ಮಾಡಬೇಕೆಂದು ತೋಚದೆ, ಸಂಪ್ರೀತಾ ಒಂದು ಬಕೆಟ್ ನೀರು ತಂದು ಆ ಕಲ್ಲನ್ನು ತಿಕ್ಕಿ ತೊಳೆದಿದ್ದಳು. ಊರಿನಲ್ಲಿ ಅವಳ ಅಮ್ಮ ನೀಲಾವತಿ ಹೊಸಿಲಿಗೆ ನೀರು ಬೀಳದೆ ಒಲೆಯ ಮೇಲೆ ಪಾತ್ರೆ ಇಟ್ಟವರೇ ಅಲ್ಲ. ರೀಟ್ ಕಿಟಕಿಯಿಂದ ಇದನ್ನು ನೋಡಿ ಹೊರಗೆ ಬಂದರು. ಬೈಯುತ್ತಾರೆ ಎಂದುಕೊಂಡರೆ, ಸೊಂಟದ ಮೇಲೆ ಕೈಯಿಟ್ಟು ನಿಂತು, "ನನ್ನ ಅಮ್ಮನೂ ಪ್ರತಿ ಶನಿವಾರ ಹೀಗೇ ಮೊಣಕಾಲೂರಿ ಮೆಟ್ಟಿಲು ತಿಕ್ತಾ ಇದ್ದಳು. ಈಗ ಈ ಬೀದಿಯಲ್ಲಿ ಯಾರಿಗೂ ಆ ಶಿಸ್ತಿಲ್ಲ" ಎಂದರು.

ಡಚ್ ಬಾರದ ಅವಳಿಗೂ ಅರ್ಧಂಬರ್ಧ ಇಂಗ್ಲಿಷಿನ ರೀಟರಿಗೂ ಮಾತು ಶುರುವಾದದ್ದು ಹೀಗೆ, ಆ ಕಲ್ಲಿನ ಮೇಲೆ. ರೀಟ್ ಎಂದೇ ಕರೆ ಎಂದು ಅವರು ಎಷ್ಟು ಸಲ ಹೇಳಿದರೂ ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ಅವಳ ನಾಲಿಗೆ ಏಳಲಿಲ್ಲ. ಕರೆಯಬೇಕಾದಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದಳು. ಕೊರೋನಾ ಬಂದ ಮೇಲೆ ಕೆಮ್ಮುವುದೂ ಅಪರಾಧವಾಗಿ, ತಟ್ಟುವುದನ್ನು ಕಲಿತಳು.

ಎದುರು ಮನೆಯಲ್ಲಿ ಗೆರಿಟ್ ಇದ್ದರು. ಮೊದಲು ಬಸ್ ಓಡಿಸುತ್ತಿದ್ದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ರೀಟರ ಕರೆಗಂಟೆ ಒತ್ತುತ್ತಿದ್ದರು. ತಲೆಗೆ ಎರಡು ಕಪ್ ಕಾಫಿ, ಒಂದೊಂದು ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಬೀಳುವ ಸದ್ದು. ದಿನಕ್ಕೆ ಒಬ್ಬರೇ ಅತಿಥಿ ಎಂದು ಸರ್ಕಾರ ಕಟ್ಟಪ್ಪಣೆ ಮಾಡಿದಾಗ ಆ ಒಬ್ಬರು ಯಾರೆಂದು ರೀಟ್ ಯೋಚಿಸಬೇಕಾಗಿಯೇ ಬರಲಿಲ್ಲ. ಮೇಲಿನ ಕೋಣೆಯಲ್ಲಿ ಥೀಸಿಸ್ ಬರೆಯುತ್ತ ಕೂತ ಸಂಪ್ರೀತಾಳಿಗೆ, ನೆಲದ ಹಲಗೆಯಿಂದ ಏರಿ ಬರುವ ಆ ಇಬ್ಬರ ಗೊಣಗೊಣ ಕೇಳಿದರೆ ತಾನೂ ಯಾರೊಂದಿಗೋ ಕೂತಂತೆ ಅನ್ನಿಸುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ಹಿಮ ಬಿತ್ತು. ಭಾನುವಾರ ರೈಲು ನಿಂತಿತು. ಸೋಮವಾರದಿಂದ ನಲ್ಲಿಯ ನೀರು ಮುಟ್ಟಿದರೆ ಬೆರಳು ಸೆಳೆಯುವಷ್ಟು ಚಳಿ. ಆ ವಾರವಿಡೀ ಗೆರಿಟ್ ದಿನಾ ಸಂಜೆ ಬಂದು ರೀಟರ ಮೆಟ್ಟಿಲು ಗುಡಿಸಿ, ಉಪ್ಪು ಚೆಲ್ಲಿ ಹೋಗುತ್ತಿದ್ದರು. ಉಪ್ಪು ಬಿದ್ದ ಕಲ್ಲಿನ ಮೇಲೆ ಐಸ್ ಕಟ್ಟುವುದಿಲ್ಲವೆಂದು ಇಲ್ಲಿ ಶಾಲೆಗೆ ಹೋಗದ ಮಕ್ಕಳಿಗೂ ಗೊತ್ತು. ಸಂಪ್ರೀತಾಳಿಗೂ ಗೊತ್ತಿತ್ತು, ಪುಸ್ತಕದಲ್ಲಿ ಓದಿದಷ್ಟು. ಕೈಗೆ ಮಾತ್ರ ಗೊತ್ತಿರಲಿಲ್ಲ. ಚಳಿಗೆ ಹೆದರಿ ಆ ವಾರ ಅವಳು ಕಲ್ಲಿಗೆ ನೀರು ಹಾಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮನ ಫೋನ್ ಬಂತು. ನೀಲಾವತಿ ಕೆಲಸ ಮಾಡುವ ಹಾಲಿನ ಸೊಸೈಟಿಯಲ್ಲಿ ಅದು ಚಹಾದ ಹೊತ್ತು.

"ಇವತ್ತು ಶುಕ್ರವಾರ ಮಗಾ. ಹೊಸಿಲಿಗೆ ನೀರು ಹಾಕಿದ್ಯಾ?"

"ಈಗ ಹಾಕ್ತೇನೆ ಅಮ್ಮ."

"ಗಂಟೆ ಎಷ್ಟಾಯ್ತು ಅಲ್ಲಿ? ಇನ್ನೂ ಹಾಕಲಿಲ್ಲವಾ?"

ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ರಾತ್ರಿ ಒಂಬತ್ತಕ್ಕೆ ಕರ್ಫ್ಯೂ. ಇಡೀ ದಿನದಲ್ಲಿ ಅವಳು ಹೌದು ಎನ್ನಬಹುದಾಗಿದ್ದ ಪ್ರಶ್ನೆ ಅದೊಂದೇ. ಕೆಳಗೆ ಬಂದು ನೋಡಿದರೆ ಕಲ್ಲಿನ ಮೇಲೆ ಬೂದು ರಾಡಿ, ಅದರಲ್ಲಿ ಬಿಳಿ ಹರಳುಗಳು. ಗಲೀಜು ಎನ್ನಿಸಿತು. ಮೇಲೆ ಹೋಗಿ ಕೆಟಲಿನಲ್ಲಿ ನೀರು ಕುದಿಸಿ ತಂದು ಸುರಿದಳು. ಮತ್ತೊಂದು ಕೆಟಲ್ ಕುದಿಸಿ ಅದನ್ನೂ ಸುರಿದಳು. ರಾಡಿಯೆಲ್ಲ ಕೊಚ್ಚಿ ಹೋಗಿ ಕಲ್ಲು ಎಣ್ಣೆ ಹಚ್ಚಿದಂತೆ ಹೊಳೆಯಿತು. ಅದನ್ನು ನೋಡಿ ಅವಳಿಗೆ ಖುಷಿಯೂ ಆಯಿತು. ಅರಿಶಿನದ ಬೊಟ್ಟಿಟ್ಟು ಮೇಲೆ ಹೋಗಿ ಚಹಾಕ್ಕಿಟ್ಟಳು.

ಎಂಟೂವರೆಗೆ ರೀಟ್ ಹಕ್ಕಿಗಳಿಗೆ ಬ್ರೆಡ್ಡಿನ ಪುಡಿ ಹಾಕಲು ಹೊರಗೆ ಕಾಲಿಟ್ಟರು.

ಸದ್ದು ಕೇಳಿ ಅವಳು ಓಡಿ ಇಳಿಯುವಷ್ಟರಲ್ಲಿ ಗೆರಿಟ್ ಮನೆಯ ಚಪ್ಪಲಿಯಲ್ಲೇ ಬೀದಿ ದಾಟಿ ಬಂದಿದ್ದರು. "ನಾನು ಉಪ್ಪು ಹಾಕಿದ್ದೆ ರೀಟ್. ನಿನ್ನೆ ಸಂಜೆ ಹಾಕಿದ್ದೆ" ಎಂದು ಒಂದೇ ಮಾತನ್ನು ಹೇಳುತ್ತಿದ್ದರು.

ಬಿದ್ದಲ್ಲಿಂದಲೇ ರೀಟ್ ಅಂಗೈಯಿಂದ ಕಲ್ಲನ್ನು ತಟ್ಟಿದರು. ಗಾಜು ತಟ್ಟಿದ ಸದ್ದಾಯಿತು. "ಹಾಕಿದ್ದರೆ ಇದೇನು?"

ಗೆರಿಟ್ ಬಗ್ಗಿ ನೋಡಿದರು. ಒಂದು ಹರಳೂ ಇರಲಿಲ್ಲ. ಅವರ ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ, ಆಮೇಲೆ ಬಂದದ್ದು ಹೆದರಿಕೆ. ಸಂಪ್ರೀತಾ ತನ್ನ ಹೊದಿಕೆ ತಂದು ರೀಟರಿಗೆ ಹೊದಿಸಿ ಅವರ ತಲೆಯ ಬಳಿಯೇ ಕೂತಿದ್ದಳು. ಅಷ್ಟು ಡಚ್ ಅವಳಿಗೆ ಆಗಲೇ ತಿಳಿಯುತ್ತಿತ್ತು. ಮೇಲೆ ಕೆಟಲ್ ಇನ್ನೂ ಬಿಸಿಯಾಗಿತ್ತು. ಅವಳು ಬಾಯಿ ಬಿಡಲಿಲ್ಲ.

ಅವತ್ತು ಡೈರಿಯಲ್ಲಿ ಬರೆದಳು: 'ಹಿಮ ಇನ್ನೂ ಕರಗಿಲ್ಲ. ರೀಟ್ ಬಿದ್ದರು. ಸೊಂಟದ ಮೂಳೆ ಮುರಿದಿದೆ.' ಎಂಟನೆಯ ಕ್ಲಾಸಿನಿಂದ ಬರೆಯುತ್ತ ಬಂದವಳು, ಡೈರಿಗೆ ಎಂದೂ ಸುಳ್ಳು ಬರೆದವಳಲ್ಲ. ಅವತ್ತು ಬರೆದದ್ದೂ ಸುಳ್ಳಾಗಿರಲಿಲ್ಲ. ಒಂದು ವಾಕ್ಯ ಕಡಿಮೆಯಿತ್ತು, ಅಷ್ಟೇ.

ಆಸ್ಪತ್ರೆಗೆ ಒಬ್ಬರಿಗಷ್ಟೇ ಪ್ರವೇಶ, ಅದೂ ರೀಟರ ಮಗಳಿಗೆ. ನಾಳೆ ಹೇಳೋಣ, ಮನೆಗೆ ಬಂದ ಮೇಲೆ ಹೇಳೋಣ, ಸ್ವಲ್ಪ ನಡೆದಾಡುವಂತಾಗಲಿ ಎನ್ನುತ್ತ ಮೂರು ತಿಂಗಳು ಹೋಯಿತು. ಮೇ ತಿಂಗಳಲ್ಲಿ ರೀಟ್ ನಾಲ್ಕು ಗಾಲಿಯ ರೋಲೇಟರ್ ತಳ್ಳಿಕೊಂಡು ಮನೆಗೆ ಬಂದರು. ಗೆರಿಟ್ ಕೊಟ್ಟು ಕಳಿಸಿದ ಟ್ಯುಲಿಪ್ ಗೊಂಚಲನ್ನು ಸಂಪ್ರೀತಾ ಹೂದಾನಿಯಲ್ಲಿಟ್ಟಿದ್ದಳು. ರೀಟ್ ಅದನ್ನು ನೋಡಿ, "ಮರೆತೆ ಅಂತ ಒಪ್ಕೊಂಡಿದ್ರೆ ಕ್ಷಮಿಸ್ತಾ ಇದ್ದೆ. ಹಾಕಿದ್ದೆ ಅಂತ ಮುಖ ನೋಡಿ ಸುಳ್ಳು ಹೇಳಿದ" ಎಂದರು. ಮರುದಿನದಿಂದ ಹತ್ತು ಗಂಟೆಗೆ ಬೀದಿ ಕಡೆಯ ಪರದೆ ಎಳೆದಿರುತ್ತಿತ್ತು. ಗೆರಿಟ್ ಎದುರಿನ ಕಾಲುದಾರಿಯಲ್ಲಿ, ಗೋಡೆಯ ಪಕ್ಕಕ್ಕೇ ನಡೆಯತೊಡಗಿದರು. ನೆಲದ ಹಲಗೆಯಿಂದ ಈಗ ಏರಿ ಬರುತ್ತಿದ್ದದ್ದು ಟಿವಿಯ ದನಿ ಮಾತ್ರ.

ಹೇಳಿದರೆ ಕೋಣೆ ಹೋಗುತ್ತದೆ. ಈ ಊರಿನಲ್ಲಿ ಕೋಣೆ ಹುಡುಕುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕೋಣೆಯಾದರೂ ಇನ್ನೊಂದು ಸಿಗಬಹುದು. ದಿನಕ್ಕೊಮ್ಮೆ ಅವಳ ಹೆಸರನ್ನು ಮುರಿದು 'ಪ್ರಿತಾ' ಎಂದು ಕರೆಯುವವರು ಈ ದೇಶದಲ್ಲಿ ಮತ್ತೆ ಯಾರು?

ಫೋನಿನಲ್ಲಿ ಹರಳು ಕಂಡ ಆ ಗುರುವಾರ ಸಂಜೆ ಅವಳು ಲ್ಯಾಬಿನಿಂದ ಬಂದಾಗ ರೀಟ್ ಅಡುಗೆಮನೆಯಿಂದ ಕೂಗಿದರು. ಜೂನಿನಲ್ಲಿ ಅವಳಿಗೆ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಟ್ರೇಯಲ್ಲಿ ಮೊಳೆತ ಟೊಮೆಟೊ ಬೀಜ ಎಷ್ಟು, ಮೊಳೆಯದ್ದು ಎಷ್ಟು ಎಂದು ಎಣಿಸುವುದು. ಹಾಗಾಗಿ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಅವಳ ಬಾಯಿಂದ ಮಾತು ಬರುವುದು ಈ ಅಡುಗೆಮನೆಯ ಬಾಗಿಲಲ್ಲೇ.

ರೀಟರ ಮೇಜಿನ ಪಕ್ಕ ಹತ್ತು ಕೆಜಿಯ ಉಪ್ಪಿನ ಚೀಲ ಇತ್ತು.

"ಶನಿವಾರ ಹಿಮ. ನೋಡಿದೆಯಾ?"

"ನೋಡಿದೆ."

"ಇದನ್ನು ಮನೆಗೇ ತರಿಸಿದೆ. ಈ ವರ್ಷ ಮೆಟ್ಟಿಲಿಗೆ ನೀನು ಉಪ್ಪು ಹಾಕು. ಶನಿವಾರ ಸಂಜೆ ಒಂದು ಸಲ, ಭಾನುವಾರ ಆರಕ್ಕೆ ಎದ್ದು ಇನ್ನೊಂದು ಸಲ. ಎದುರು ಮನೆಯವನನ್ನು ನಾನು ಕೇಳುವುದಿಲ್ಲ." ರೀಟ್ ಬಕೆಟಿಗೆ ಉಪ್ಪು ಸುರಿಯುತ್ತ ತಲೆಯೆತ್ತದೆ ಹೇಳಿದರು. "ನಿನ್ನ ಕೈಗೆ ಬಿಟ್ಟರೆ ನಾನು ನಿದ್ದೆ ಮಾಡಬಹುದು, ಪ್ರಿತಾ."

ಸಂಪ್ರೀತಾ ಬಕೆಟ್ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಅದನ್ನು ಕೋಣೆಯ ಮೂಲೆಯಲ್ಲಿಟ್ಟು ಮಂಚದ ಮೇಲೆ ಕೂತು ಬಹಳ ಹೊತ್ತು ನೋಡಿದಳು.

ಶುಕ್ರವಾರ ಶ್ರೇಯಾ ಫೋನ್ ಮಾಡಿದಳು. ಬೆಂಗಳೂರಿನವಳು, ಇಲ್ಲಿ ಒಟ್ಟಿಗೇ ಓದಿದವಳು, ಈಗ ಆಮ್ಸ್ಟರ್‌ಡ್ಯಾಮಿನ ಝೌದಾಸ್ ಎಂಬ ಕಚೇರಿಗಳ ಬಡಾವಣೆಯಲ್ಲಿ ಒಂದು ಬ್ಯಾಂಕಿನ ಕೆಲಸ.

"ಏ ಸಂಪು, ನೋಡಿದ್ಯಾ? ನಿಮ್ ಕಡೆ ಸ್ನೋ ಅಂತೆ. ನಮ್ಗೆ ಬರೀ ಮಳೆ ಕಣೇ, ಕರ್ಮ. ಸಂಡೇ ಬೆಳಿಗ್ಗೆ ಟ್ರೈನ್ ಹತ್ತಿ ಬಂದ್ಬಿಡ್ಲಾ? ಫೋಟೋ ತಗೊಂಡು ಅಮ್ಮಂಗೆ ಕಳಿಸ್ಬೇಕು, ದಿನಾ ಕೇಳ್ತಾಳೆ."

"ಬರ್ಬೇಡ."

"ಯಾಕೆ, ನಿನ್ನ ಅಜ್ಜಿ ಬೈತಾರಾ?"

"ಹಾಗಲ್ಲ ಮಾರಾಯ್ತಿ. ಟ್ರೈನ್ ಕ್ಯಾನ್ಸಲ್ ಆದ್ರೆ?"

"ಎರಡು ಸೆಂಟಿಮೀಟರ್ ಸ್ನೋಗೆ ಯಾವ ಟ್ರೈನ್ ಕ್ಯಾನ್ಸಲ್ ಆಗುತ್ತೆ? ನಾನು ಬರೋದು ಇಷ್ಟ ಇಲ್ಲ ಅನ್ನು, ಮುಗೀತು. ವರ್ಷದಿಂದ ಇದೇ ಆಯ್ತು ನಿಂದು. ಏನೋ ಮುಚ್ಚಿಡ್ತಾ ಇದ್ದೀಯ. ಬಾಯ್‌ಫ್ರೆಂಡಾ?"

"ಎಂತ ಬಾಯ್‌ಫ್ರೆಂಡ್. ಬೀಜ ಎಣಿಸಿ ಎಣಿಸಿ ಕಣ್ಣು ಹೋಗಿದೆ."

"ಬೀಜಗಳ ಜೊತೆನಾದ್ರೂ ಮಾತಾಡು, ಪುಣ್ಯ ಬರುತ್ತೆ" ಎಂದು ನಕ್ಕು ಶ್ರೇಯಾ ಫೋನಿಟ್ಟಳು. ಹೇಳಿಬಿಡಬಹುದಿತ್ತು. ಆದರೆ ಶ್ರೇಯಾ, ಅಯ್ಯೋ ಬಿಡೇ, ಆಕ್ಸಿಡೆಂಟ್ ತಾನೇ ಅನ್ನುತ್ತಿದ್ದಳು. ಅಷ್ಟು ಸುಲಭವಾಗಿ ಬಿಡುಗಡೆ ಸಿಗುವುದು ಸಂಪ್ರೀತಾಳಿಗೆ ಬೇಕಿರಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಹಾಲು, ಮೊಸರು ತರಲು ಸೂಪರ್ ಮಾರ್ಕೆಟ್ಟಿಗೆ ಹೋದಳು. ಉಪ್ಪಿನ ಡಬ್ಬಿಗಳ ಕಪಾಟಿನ ಮುಂದೆ, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಗೆರಿಟ್ ನಿಂತಿದ್ದರು. ಅವರ ಕೋಟಿನ ಗುಂಡಿಗೆ ದಾರ, ದಾರದ ತುದಿಗೆ ಒಂದು ಚಿಕ್ಕ ನೋಟ್ ಪುಸ್ತಕ. ಅವಳು ಪಕ್ಕದ ಸಾಲಿಗೆ ಸರಿಯುವ ಮೊದಲೇ ಅವರು ಕೈಯೆತ್ತಿದರು.

"ನಿಲ್ಲು ಹುಡುಗಿ. ನಿನ್ನನ್ನು ಒಂದು ವಿಷಯ ಕೇಳ್ಬೇಕು ಅಂತ ಬರೆದಿಟ್ಟಿದ್ದೇನೆ." ಪುಸ್ತಕ ಬಿಡಿಸಿ, ಹಾಳೆ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿದೆ. ಅವತ್ತು ರೀಟ್ ಬಿದ್ದಾಗ ಅವಳ ತಲೆಯ ಬಳಿ ಕೂತವಳು ನೀನು. ಕಲ್ಲಿನ ಮೇಲೆ ಉಪ್ಪು ಇತ್ತಾ? ಬಿಳಿ ಹರಳು? ಒಂದೆರಡಾದರೂ?"

ಅವಳು ಹಾಲಿನ ಪ್ಯಾಕೆಟ್ಟನ್ನು ಎದೆಗೊತ್ತಿ ಹಿಡಿದಳು.

"ಬಕೆಟ್ ಹಿಡ್ಕೊಂಡು ಬೀದಿ ದಾಟಿದ್ದು ನೆನಪಿದೆ ನನಗೆ. ಕೈ ಉರಿದದ್ದೂ ನೆನಪಿದೆ. ಆದರೆ ಉಪ್ಪು ಇರಲಿಲ್ಲವಲ್ಲ. ಹಾಗಾದರೆ ಅದು ಹಿಂದಿನ ದಿನದ ನೆನಪಾ? ಅಥವಾ ನಾನೇ ಕಟ್ಟಿಕೊಂಡ ನೆನಪಾ?" ಗೆರಿಟ್ ನಿಧಾನವಾಗಿ, ಅವಳಿಗೆ ತಿಳಿಯಲೆಂದು ಬಿಡಿ ಬಿಡಿಯಾಗಿ ಮಾತಾಡುತ್ತಿದ್ದರು. "ಮಗಳು ಡಾಕ್ಟರ ಹತ್ತಿರ ಕರ್ಕೊಂಡು ಹೋದಳು. ಗಡಿಯಾರ ಬರೆಯಿರಿ ಅಂದ್ರು, ಬರೆದೆ. ಐದು ಶಬ್ದ ನೆನಪಿಡಿ ಅಂದ್ರು, ನಾಲ್ಕು ಹೇಳಿದೆ. ಕಾರು ಮಾರಿಬಿಟ್ಟೆ. ಈಗ ಎಲ್ಲ ಇದರಲ್ಲಿ ಬರೀತೇನೆ. ಗ್ಯಾಸ್ ಆಫ್. ಬಾಗಿಲು ಬೀಗ. ಮಗಳು ವೃದ್ಧರ ಮನೆಗೆ ಅರ್ಜಿ ತುಂಬಿಸಿಟ್ಟಿದ್ದಾಳೆ, ನನ್ನ ಸಹಿ ಒಂದೇ ಬಾಕಿ. ಸಹಿ ಹಾಕೋಕೆ ಮುಂಚೆ ನಿನ್ನನ್ನು ಕೇಳೋಣ ಅನ್ನಿಸಿತು."

"ನನಗೆ... ನೆನಪಿಲ್ಲ" ಎಂದಳು ಸಂಪ್ರೀತಾ.

ಗೆರಿಟ್ ತಲೆಯಾಡಿಸಿದರು. ಪೆನ್ನು ತೆಗೆದು, ಆ ಸಾಲಿನ ಮುಂದೆ ಒಂದು ಚಿಕ್ಕ ಗೀಟು ಎಳೆದು, "ಆಗಲಿ. ನಿನಗೇ ನೆನಪಿಲ್ಲ ಅಂದ್ರೆ ನನ್ನದೇನು" ಎಂದು ಮಾಸ್ಕ್ ಮೇಲೆಳೆದುಕೊಂಡು ಹೋದರು.

ಮನೆಗೆ ಬರುವ ದಾರಿಯಲ್ಲಿ ಅವಳು ಸೈಕಲ್ ಹತ್ತಲೇ ಇಲ್ಲ, ತಳ್ಳಿಕೊಂಡೇ ನಡೆದಳು. ಇಷ್ಟು ದಿನ ಅವಳು ಲೆಕ್ಕ ಹಾಕಿದ್ದು ಎರಡು: ರೀಟರ ಸೊಂಟ, ತನ್ನ ಕೋಣೆ. ಗೆರಿಟ್‌ಗೆ ಬಂದದ್ದು ಬರೀ ಕೆಟ್ಟ ಹೆಸರು, ಅದಕ್ಕೇನು, ಇಬ್ಬರೂ ಮುದುಕರು, ಇವತ್ತಲ್ಲ ನಾಳೆ ರಾಜಿಯಾಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ತನ್ನ ಎರಡು ಕೆಟಲ್ ನೀರಿನಿಂದ ಆ ಮನುಷ್ಯನ ತಲೆಯಲ್ಲಿದ್ದ ಒಂದು ಇಡೀ ಸಂಜೆಯೇ ತೊಳೆದು ಹೋಗಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಐದು ಗಂಟೆಗೆ ಕತ್ತಲಾಯಿತು. ಹಿಮ ಶುರುವಾಗಿತ್ತು. ಬೀದಿದೀಪದ ಸುತ್ತ ಸಣ್ಣ ಸಣ್ಣ ಚೂರು, ಇನ್ನೂ ನೆಲಕ್ಕೆ ಅಂಟದ್ದು. ಸಂಪ್ರೀತಾ ಕೋಣೆಯಿಂದ ಉಪ್ಪಿನ ಬಕೆಟ್ ಇಳಿಸಿ ತಂದಳು. ಬಗ್ಗಿ ಒಂದು ಮುಷ್ಟಿ ತೆಗೆದರೆ, ಕೈ ಅಭ್ಯಾಸ ಬಿಡದೆ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಉಪ್ಪನ್ನು ತೆಳ್ಳಗೆ ಗೆರೆಯಾಗಿ ಬಿಡತೊಡಗಿತು. ಅಮ್ಮ ರಂಗೋಲಿ ಪುಡಿ ಬಿಡುವುದು ಹಾಗೆಯೇ. ಅವಳು ಗೆರೆಯನ್ನು ಕಾಲಿನಿಂದ ಅಳಿಸಿ, ಬಕೆಟ್ ಎತ್ತಿ, ಕಲ್ಲಿನ ತುಂಬ ಚೆಲ್ಲಿದಳು. ಆಮೇಲೆ ಬಕೆಟ್ಟನ್ನು ಅಲ್ಲೇ ಬಿಟ್ಟು ಬೀದಿ ದಾಟಿ ಎದುರು ಮನೆಯ ಕರೆಗಂಟೆ ಒತ್ತಿದಳು.

ಗೆರಿಟ್ ಬಾಗಿಲು ಅರ್ಧ ತೆರೆದರು. ಅವಳು ಒಂದೂವರೆ ಮೀಟರ್ ಹಿಂದೆ ಸರಿದು ನಿಂತು, ದಾರಿಯಲ್ಲಿ ಜೋಡಿಸಿಕೊಂಡು ಬಂದ ಡಚ್ ವಾಕ್ಯಗಳನ್ನೆಲ್ಲ ಮರೆತು, ಇದ್ದಷ್ಟು ಶಬ್ದಗಳಲ್ಲಿ ಹೇಳಿದಳು. "ಉಪ್ಪು ಇತ್ತು. ನೀವು ಹಾಕಿದ್ದಿರಿ. ನಾನು ನೋಡಿದೆ. ಬೆಳಿಗ್ಗೆ ನಾನು ಬಿಸಿನೀರು ಹಾಕಿ ತೊಳೆದೆ. ಎರ‍ಡು ಸಲ."

ಗೆರಿಟ್ ಬಾಗಿಲನ್ನು ಪೂರ್ತಿ ತೆರೆದರು. ಅವರ ಹಿಂದೆ ಗೋಡೆಯ ಮೇಲೆಲ್ಲ ಹಳದಿ ಚೀಟಿಗಳು ಅಂಟಿದ್ದವು.

"ಬಿಸಿನೀರು" ಎಂದರು ಕೊನೆಗೆ.

"ಹೌದು. ನಮ್ಮ ಊರಲ್ಲಿ ಬೆಳಿಗ್ಗೆ ಹೊಸಿಲಿಗೆ... ಅಮ್ಮ..." ಮುಂದೆ ಡಚ್ ಬರಲಿಲ್ಲ.

"ಇವತ್ತು ಮಧ್ಯಾಹ್ನವೂ ನಿನಗೆ ನೆನಪಿತ್ತು."

"ಇತ್ತು."

ಅವರು ದಾರ ಎಳೆದು ನೋಟ್ ಪುಸ್ತಕ ಬಿಚ್ಚಿ ಅವಳ ಕಡೆ ಚಾಚಿದರು. "ಬರಿ. ನಿನ್ನ ಕೈಯಲ್ಲೇ ಬರಿ. ನಾಳೆ ಬೆಳಿಗ್ಗೆ ಇದು ಕನಸು ಅಂತ ನನಗೆ ಅನ್ನಿಸಬಾರದು."

ಬಾಗಿಲ ಚೌಕಟ್ಟಿಗೆ ಪುಸ್ತಕ ಒತ್ತಿ ಹಿಡಿದು ಅವಳು ಬರೆದಳು. ಫೆಬ್ರವರಿ ಹನ್ನೆರಡು. ಗೆರಿಟ್ ಉಪ್ಪು ಹಾಕಿದ್ದರು. ಸಂಪ್ರೀತಾ ನೀರು ಹಾಕಿದಳು. ಕಾಗುಣಿತ ತಪ್ಪಿತ್ತೋ ಏನೋ. ಹಾಳೆಯ ಮೇಲೆ ಒಂದೆರಡು ಹಿಮದ ಚೂರು ಬಿದ್ದು ಶಾಯಿ ಹರಡಿತು. ಗೆರಿಟ್ ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು.

"ಅವಳಿಗೆ ನೀನೇ ಹೇಳು" ಎಂದರು. "ನಾನು ಹೇಳಿದರೆ ನಂಬುವುದಿಲ್ಲ." ಬಾಗಿಲು ಮುಚ್ಚಿಕೊಂಡಿತು.

ರೀಟ್ ಟಿವಿಯ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು. ಸಂಪ್ರೀತಾ ಬಾಗಿಲಲ್ಲಿ ನಿಂತೇ ಹೇಳಿದಳು. ಎರಡನೆಯ ಸಲಕ್ಕೆ ಶಬ್ದಗಳು ಸ್ವಲ್ಪ ಸಲೀಸಾಗಿ ಬಂದವು. ಅದಕ್ಕೇ ಅವಳಿಗೆ ನಾಚಿಕೆಯಾಯಿತು. ರೀಟರ ಕೈಯ ಚಾಕು ನಿಂತಿತು. ಸಿಪ್ಪೆ ಅರ್ಧ ಸುರುಳಿಯಾಗಿ ತೂಗುತ್ತಿತ್ತು.

"ಅಂಥ ಚಳಿಯಲ್ಲಿ ಮೆಟ್ಟಿಲು ತೊಳೆದೆಯಾ?"

"ಶುಕ್ರವಾರ ಆಗಿತ್ತು."

"ಚಳಿಗಾಲದಲ್ಲಿ ನನ್ನ ಅಮ್ಮ ಅದಕ್ಕೆ ಒಂದು ಹನಿ ನೀರು ಮುಟ್ಟಿಸ್ತಾ ಇರಲಿಲ್ಲ." ರೀಟ್ ಟಿವಿಯ ಸದ್ದು ಆರಿಸಿದರು. "ಅದು ಹೇಳಬೇಕಾದ ವಿಷಯ ಅಂತ ನನಗೆ ತೋಚಲೇ ಇಲ್ಲ."

ಚಾಕುವನ್ನು ಕೆಳಗಿಟ್ಟು, "ಗೆರಿಟ್‌ಗೆ ಗೊತ್ತಾ?" ಎಂದರು.

"ಈಗ ಹೇಳಿ ಬಂದೆ."

"ಮೂಳೆ ಕೂಡುತ್ತೆ, ಹುಡುಗಿ. ನಾನು ಅವನನ್ನು ಒಂಬತ್ತು ತಿಂಗಳು ಸುಳ್ಳುಗಾರ ಅಂದೆ. ನೀನು ಇಲ್ಲೇ ನಿಂತು, ಇದೇ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ." ಪ್ರಿತಾ ಎನ್ನಲಿಲ್ಲ ಎಂಬುದು ಸಂಪ್ರೀತಾಳಿಗೆ ಆಮೇಲೆ ಹೊಳೆಯಿತು. "ಮೇಲೆ ಹೋಗು. ಈಗ ನಿನ್ನ ಮುಖ ನೋಡುವುದು ನನಗೆ ಬೇಡ."

ಅವಳು ಮೆಟ್ಟಿಲ ನಡುವೆ ಇದ್ದಾಗ ಕೆಳಗಿನಿಂದ ದನಿ ಬಂತು. "ಬೆಳಿಗ್ಗೆ ಆರಕ್ಕೆ ಉಪ್ಪು ಹಾಕುವುದನ್ನು ಮರೀಬೇಡ."

ಬೆಳಿಗ್ಗೆ ಬೀದಿ ಬೆಳ್ಳಗಾಗಿತ್ತು. ಅಷ್ಟೇನೂ ಇಲ್ಲ, ಬೆರಳು ಮುಳುಗುವಷ್ಟು. ಅವಳು ಗುಡಿಸಿ ಉಪ್ಪು ಚೆಲ್ಲಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಗೆರಿಟ್ ತಮ್ಮದೇ ಬಕೆಟ್ ಹಿಡಿದು ಬೀದಿ ದಾಟಿ ಬಂದರು. ಅವಳತ್ತ ನೋಡಲಿಲ್ಲ. ಅವಳು ಉಪ್ಪು ಹಾಕಿದ ಕಲ್ಲಿನ ಮೇಲೇ, ಮೂಲೆ ಮೂಲೆಗೂ, ಮತ್ತೊಂದು ಸಲ ಉಪ್ಪು ಹಾಕಿದರು. ಹಾಕಿ ಮುಗಿಸಿ, ನೋಟ್ ಪುಸ್ತಕ ತೆಗೆದು ಗಂಟೆ ನೋಡಿ ಬರೆದುಕೊಂಡು ವಾಪಸ್ಸು ಹೋದರು.

ಏಳು ಗಂಟೆಗೆ ಅಮ್ಮನ ಫೋನ್.

"ಹೊಸಿಲಿಗೆ ನೀರು ಹಾಕಿದ್ಯಾ ಮಗಾ?"

ಫೆಬ್ರವರಿಯಿಂದ ಅವಳು ಆ ಕಲ್ಲಿಗೆ ನೀರು ಮುಟ್ಟಿಸಿರಲಿಲ್ಲ. ದಿನಾ ಹಾಕಿದೆ ಎಂದೇ ಹೇಳುತ್ತಿದ್ದಳು. "ಇಲ್ಲ ಅಮ್ಮ. ಉಪ್ಪು ಹಾಕಿದೆ."

"ಉಪ್ಪಾ? ಹೊಸಿಲಿಗೆ ಉಪ್ಪು ಹಾಕ್ತಾರಾ ಯಾರಾದ್ರೂ? ಎಂತ ದೃಷ್ಟಿ ಗಿಷ್ಟಿ ಆಗಿದೆಯಾ ನಿಂಗೆ?"

"ಇಲ್ಲಿ ಹಿಮ ಬಿದ್ದಿದೆ. ನೀರು ಹಾಕಿದ್ರೆ ಜಾರ್ತದೆ."

"ಓ, ಹೌದಾ. ಮತ್ತೆ ಇಷ್ಟು ದಿನ ಹೇಳ್ಲೇ ಇಲ್ಲ ಮಾರಾಯ್ತಿ ನೀನು." ಅಮ್ಮ ಅದೇ ಉಸಿರಿನಲ್ಲಿ, "ದನಿ ಯಾಕೆ ಹಾಗಿದೆ? ಶೀತವಾ?" ಎಂದರು.

"ಅಮ್ಮ, ಒಂದು ವಿಷಯ ಉಂಟು. ಮಧ್ಯೆ ಮಾತಾಡ್ಬೇಡಿ, ಪೂರ್ತಿ ಕೇಳಿ."

ನೀಲಾವತಿ ಪೂರ್ತಿ ಕೇಳಿದರು. "ನಾನೇ ಅಲ್ವಾ ದಿನಾ ನೀರು ಹಾಕಿದ್ಯಾ ಅಂತ ಕೇಳಿದ್ದು" ಎಂದರು ಕಡೆಗೆ, ಮೆಲ್ಲಗೆ.

ಹತ್ತು ಗಂಟೆಗೆ ಸರಿಯಾಗಿ ಕರೆಗಂಟೆ ಸದ್ದಾಯಿತು. ಸಂಪ್ರೀತಾ ಕೋಣೆಯ ಬಾಗಿಲು ಸ್ವಲ್ಪ ತೆರೆದು ನಿಂತಳು. ಕೆಳಗೆ ಬೀದಿಬಾಗಿಲು ತೆರೆದ ಸದ್ದು. ಆಮೇಲೆ ರೀಟರ ದನಿ, ಒಂದೇ ಒಂದು ಶಬ್ದ, ಅವಳಿಗೆ ತಿಳಿಯಲಿಲ್ಲ. ಕುರ್ಚಿ ಎಳೆದ ಸದ್ದು. ಕಾಫಿಯ ವಾಸನೆ ಮೆಟ್ಟಿಲೇರಿ ಬಂತು. ಕಪ್ ಇಟ್ಟ ಸದ್ದನ್ನು ಅವಳು ಎಣಿಸಿದಳು, ಬೀಜ ಎಣಿಸಿದ ಹಾಗೆ. ಒಂದು. ಎರಡು. ಮೂರನೆಯದು ತನಗಿರಬಹುದೇ ಎಂದು ಕಾದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಿತ್ತು. ಅವಳು ಬಾಗಿಲು ಮುಚ್ಚಿದಳು.

ಡೈರಿ ತೆರೆದು ಫೆಬ್ರವರಿಯ ಆ ಪುಟಕ್ಕೆ ಹೋದಳು. 'ಹಿಮ ಇನ್ನೂ ಕರಗಿಲ್ಲ. ರೀಟ್ ಬಿದ್ದರು.' ಎರಡು ವಾಕ್ಯಗಳ ನಡುವೆ ಜಾಗ ಇರಲಿಲ್ಲ. ಸಾಲಿನ ಮೇಲೆ, ಸಣ್ಣಕ್ಷರದಲ್ಲಿ, 'ನಾನು ಕಲ್ಲಿಗೆ ಬಿಸಿನೀರು ಹಾಕಿದೆ' ಎಂದು ಬರೆದು, ಕೆಳಕ್ಕೆ ಒಂದು ಬಾಣದ ಗುರುತು ಹಾಕಿದಳು. ಕೆಳಗೆ ಆ ಇಬ್ಬರ ಗೊಣಗೊಣ ನಡೆದೇ ಇತ್ತು. ಒಮ್ಮೆ ಗೆರಿಟ್ ಜೋರಾಗಿ ಏನೋ ಅಂದರು, ರೀಟ್ ಅದಕ್ಕಿಂತ ಜೋರಾಗಿ ಉತ್ತರ ಕೊಟ್ಟರು. ಜಗಳವಿರಬೇಕು. ಇಷ್ಟು ತಿಂಗಳಲ್ಲಿ ಅವರು ಜಗಳವನ್ನೂ ಆಡಿರಲಿಲ್ಲ.

ಹನ್ನೊಂದಕ್ಕೆ ಗೆರಿಟ್ ಹೋದರು. ಸ್ವಲ್ಪ ಹೊತ್ತಿಗೆ ರೋಲೇಟರಿನ ಗಾಲಿಗಳು ಕಿರುಗುಡುತ್ತ, ಭಾರ ಹೊತ್ತಂತೆ ನಿಧಾನವಾಗಿ, ಮೆಟ್ಟಿಲ ಬುಡದವರೆಗೆ ಬಂದವು. ನಿಂತವು. ಸಂಪ್ರೀತಾ ಪೆನ್ನು ಹಿಡಿದುಕೊಂಡೇ ಎದ್ದು ನಿಂತಳು. ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಯಾರೂ ಕರೆಯಲಿಲ್ಲ. ಗಾಲಿಗಳು ತಿರುಗಿ ಹೋದವು.

ಅವಳು ಇಳಿದು ಬಂದು ನೋಡಿದಾಗ ಕೆಳಗಿನ ಮೆಟ್ಟಿಲ ಮೇಲೆ ಉಪ್ಪಿನ ಚೀಲ ಇತ್ತು, ಬಾಯಿಗೆ ಬಟ್ಟೆಯ ಕ್ಲಿಪ್ ಹಾಕಿದ್ದು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅವಳು ಫೋನ್ ತೆಗೆದು ನೋಡಿದಳು. ನಾಳೆಯ ಚೌಕದಲ್ಲೂ ಬಿಳಿ ಹರಳು ಕೂತಿತ್ತು. ಚೀಲವನ್ನು ತಬ್ಬಿ ಎತ್ತಿ, ಒಂದೊಂದೇ ಮೆಟ್ಟಿಲು ಹತ್ತಿ, ಕೋಣೆಯ ಬಾಗಿಲ ಒಳಗೆ, ಬೆಳಿಗ್ಗೆ ಎದ್ದ ಕೂಡಲೇ ಕಾಲಿಗೆ ತಾಗುವಂತೆ ಇಟ್ಟಳು.